ಎಲ್ಲಿ ಇಳೂದು? — ಮುಂಬಯಿಗೆ ಹೊರಟ ಕತೆಗಾರ್ತಿಗೆ

ಪ್ರಶ್ನೆ: ನಾನು ಸಿದ್ದಾಪುರ ತಾಲೂಕಿನವಳು, ವಯಸ್ಸು 26, ಬ್ಯಾಂಕಿನಲ್ಲಿ ಅಧಿಕಾರಿ. ಜೂನ್ ತಿಂಗಳಲ್ಲಿ ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ ವರ್ಗವಾಗಿ ಹೋಗುತ್ತಿದ್ದೇನೆ. ಐದಾರು ವರ್ಷಗಳಿಂದ ಕತೆ ಬರೆಯುತ್ತಿದ್ದೇನೆ, ನಾಲ್ಕು ಪ್ರಕಟವಾಗಿವೆ. ಇಲ್ಲಿ ಸಂಜೆ ಆರಕ್ಕೆ ಮನೆ ಸೇರುತ್ತೇನೆ. ಜಗುಲಿ ಇದೆ, ಹೊತ್ತಿದೆ. ಅಲ್ಲಿಗೆ ಹೋದರೆ ಬರವಣಿಗೆ ನಿಂತೇ ಹೋಗುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ನೀವು ಅಷ್ಟು ವರ್ಷ ಆ ಊರಲ್ಲಿದ್ದು ಬರೆದವರು. ಎಲ್ಲಿ ಮನೆ ಮಾಡಲಿ, ಯಾವಾಗ ಬರೆಯಲಿ, ಕನ್ನಡವೇ ಕಿವಿಗೆ ಬೀಳದ ಊರಲ್ಲಿ ಕನ್ನಡವನ್ನು ಹೇಗೆ ಉಳಿಸಿಕೊಳ್ಳಲಿ? ಮರಾಠಿ ಕಲಿಯಲೇಬೇಕೆ?

ಉತ್ತರ:

ನಿಮ್ಮನ್ನು ಹೆದರಿಸುತ್ತಿರುವವರ ಮಾತಿನಲ್ಲಿ ಅರ್ಧ ನಿಜವಿದೆ. ನಾನು 1987ರ ಜೂನಿನಲ್ಲಿ ಕುಮಟೆಯ ಕಡೆಯಿಂದ ಮದುವೆಯಾಗಿ ಬಂದವಳು. ಕೊಂಕಣ ರೈಲು ಇನ್ನೂ ಇರಲಿಲ್ಲ. ಬಸ್ಸಿನಲ್ಲಿ ಒಂದು ರಾತ್ರಿ, ಮರುದಿನ ಅರ್ಧ ಹಗಲು. ಟ್ರಂಕಿನ ತಳದಲ್ಲಿ ಇನ್ನೂರು ಪುಟದ ಎರಡು ನೋಟುಬುಕ್ಕು ತಂದಿದ್ದೆ. 1990ರವರೆಗೆ ಅವುಗಳಲ್ಲಿ ತುಂಬಿದ್ದು ಹಾಲಿನ ಲೆಕ್ಕ, ಚೀಟಿ ಫಂಡಿನ ಲೆಕ್ಕ, ಮತ್ತು ಅರ್ಧಕ್ಕೆ ನಿಂತ ಒಂದು ಕತೆ. ಹೊತ್ತಿಲ್ಲ, ಜಾಗವಿಲ್ಲ ಎಂದು ಊರಿಗೆ ಪತ್ರ ಬರೆದಾಗಲೆಲ್ಲ ಗೋಳು ಹೊಯ್ದುಕೊಂಡಿದ್ದೇನೆ. ಈಗ ಹಿಂತಿರುಗಿ ನೋಡಿದರೆ ಹೊತ್ತೂ ಇತ್ತು, ಜಾಗವೂ ಹೇಗೋ ಆಗುತ್ತಿತ್ತು. ದಿನವಿಡೀ ಕೇಳುವ ಮಾತು ಒಂದು, ರಾತ್ರಿ ಕೂತು ಬರೆಯಬೇಕಾದ ಮಾತು ಇನ್ನೊಂದು. ಅದಕ್ಕೇ ಕೈ ಓಡುತ್ತಿರಲಿಲ್ಲ. ಹಾಗಾಗಿ ನಿಮ್ಮ ಮೂರನೇ ಪ್ರಶ್ನೆಯೇ ನನ್ನ ಲೆಕ್ಕದಲ್ಲಿ ದೊಡ್ಡದು. ಮೊದಲೆರಡನ್ನು ಬೇಗ ಮುಗಿಸುತ್ತೇನೆ.

ಮುಂಬಯಿಯಲ್ಲಿ ಮನೆ ಹುಡುಕುವ ಮಾತನ್ನು ಬೇಗ ಮುಗಿಸುತ್ತೇನೆ ಎಂದವರನ್ನು ಕಂಡರೆ ಇಲ್ಲಿಯವರು ನಕ್ಕಾರು. ಆದರೂ ಹೇಳುತ್ತೇನೆ. ನಿಮ್ಮ ಕಚೇರಿ ಇರುವ ಬಿಕೆಸಿ, ಹೆಸರೇ ಹೇಳುವ ಹಾಗೆ, ಪಶ್ಚಿಮ ರೈಲ್ವೆಯ ಬಾಂದ್ರಾಕ್ಕೂ ಮಧ್ಯ ರೈಲ್ವೆಯ ಕುರ್ಲಾಕ್ಕೂ ನಡುವೆ ಇದೆ. ಯಾವ ಸ್ಟೇಷನ್ನಿನಲ್ಲಿ ಇಳಿದರೂ ಶೇರ್ ರಿಕ್ಷಾಕ್ಕೋ ಬಸ್ಸಿಗೋ ಕ್ಯೂ ತಪ್ಪಿದ್ದಲ್ಲ. 2024ರ ಅಕ್ಟೋಬರಿನಲ್ಲಿ ನೆಲದಡಿಯ ಮೆಟ್ರೋ ಅಲ್ಲಿಗೆ ಬಂದ ಮೇಲೆ ಒಂದಿಷ್ಟು ಉಸಿರಾಡುವ ಹಾಗಾಗಿದೆ. ಹೊಸಬರು ಚದರಡಿ ನೋಡಿ ಮನೆ ಹಿಡಿಯುತ್ತಾರೆ. ನೀವು ಗಾಡಿ ನೋಡಿ ಹಿಡಿಯಿರಿ. ಗಾಡಿ ಎಂದರೆ ಲೋಕಲ್ ರೈಲು, ಬಂದ ವಾರದಲ್ಲೇ ನಿಮಗೂ ಅದೇ ಬಾಯಿಗೆ ಬರುತ್ತದೆ. ಚೆಂಬೂರಿನ ಒಂದು ಕೋಣೆಯ ಬಾಡಿಗೆಗೆ ದೂರದ ಬದಲಾಪುರದಲ್ಲಿ ಎರಡು ಕೋಣೆ ಸಿಕ್ಕೀತು. ಆದರೆ ಕತೆ ಬರೆಯುವವಳಿಗೆ ಎರಡನೇ ಕೋಣೆಗಿಂತ ದಿನಕ್ಕೆ ಉಳಿಯುವ ಎರಡು ಗಂಟೆ ದೊಡ್ಡದು. ಚೆಂಬೂರು, ಘಾಟ್ಕೋಪರ್ ಕಡೆ ಬೇರೆ ಹುಡುಗಿಯರ ಜೊತೆ ಹಂಚಿಕೊಂಡು ಇರಿ. ಚೆಂಬೂರಿನಲ್ಲಿ ಕನ್ನಡದವರಿಗೂ ಬರಗಾಲವಿಲ್ಲ.

ಇಲ್ಲಿ ಬಾಡಿಗೆ ಪತ್ರಕ್ಕೆ ‘ಲೀವ್ ಆಂಡ್ ಲೈಸೆನ್ಸ್’ ಎನ್ನುತ್ತಾರೆ, ಸಾಮಾನ್ಯವಾಗಿ 11 ತಿಂಗಳಿಗೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಅದು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು. ನೋಂದಣಿಯ ಹೊಣೆ ಮನೆಯ ಯಜಮಾನನದು. ‘ಅದೆಲ್ಲ ಯಾಕೆ ತಂಗಿ, ಮನೆಯವರ ಹಾಗೆ ಇರೋಣ’ ಎನ್ನುವ ಯಜಮಾನ ಸಿಕ್ಕರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ. ಡಿಪಾಜಿಟ್ಟಿನ ಮೊತ್ತ ಪತ್ರದಲ್ಲಿ ಬರೆಯಿಸಿಕೊಳ್ಳಿ. ನಾವು ಬರೆಯಿಸಿಕೊಂಡಿರಲಿಲ್ಲ, ಕಳೆದುಕೊಂಡೆವು. ನೀವು ಏನು ಅಡಿಗೆ ಮಾಡುತ್ತೀರಿ ಎಂದೂ ಕೇಳುತ್ತಾರೆ, ಮುಜುಗರಪಡಬೇಡಿ. 1994ರಲ್ಲಿ ಒಂದು ಕಟ್ಟಡದಲ್ಲಿ ಎಲ್ಲ ಮಾತುಕತೆ ಮುಗಿದು, ಯಜಮಾನರ ಹೆಂಡತಿ ಕೊಟ್ಟ ಚಹಾ ಕುಡಿಯುತ್ತಿದ್ದಾಗ ನನ್ನ ಗಂಡ ‘ಇಲ್ಲಿ ಬಂಗಡೆ ಮೀನು ಎಲ್ಲಿ ಒಳ್ಳೇದು ಸಿಗ್ತದೆ?’ ಎಂದು ಕೇಳಿದರು. ಚಹಾ ಮುಗಿಯುವ ಮೊದಲೇ ಮನೆ ಕೈತಪ್ಪಿತ್ತು.

ಇನ್ನು ಹೊತ್ತಿನ ಮಾತು. ನಮ್ಮ ಮೊದಲ ಮನೆ ಡೊಂಬಿವಲಿ ಪೂರ್ವದ ಒಂದು ಚಾಳಿನಲ್ಲಿ: ಹತ್ತು-ಹನ್ನೆರಡಡಿಯ ಒಂದು ಖೋಲಿ, ಹೊರಗೆ ಉದ್ದಕ್ಕೆ ಗ್ಯಾಲರಿ, ಹದಿನಾಲ್ಕು ಸಂಸಾರಕ್ಕೆ ನಾಲ್ಕು ಕಕ್ಕಸು. ನೀರು ಬರುತ್ತಿದ್ದದ್ದು ಬೆಳಗಿನ ನಾಲ್ಕೂವರೆಗೆ. ಐದೂಮುಕ್ಕಾಲಿಗೆ ನಿಂತರೆ ಮತ್ತೆ ಮರುದಿನವೇ. ಎಲ್ಲರ ಮನೆಯಲ್ಲೂ ಹೆಂಗಸರೇ ಏಳುತ್ತಿದ್ದರು, ನಾನೂ ಎದ್ದೆ. ಮೂರು ವರ್ಷ ಆ ಒಂದೂಕಾಲು ಗಂಟೆ ಗ್ಯಾಲರಿಯಲ್ಲಿ ತೂಕಡಿಸುತ್ತ ಕಳೆದೆ.

ನಮ್ಮಲ್ಲಿ ನೀಲಿ ಬಣ್ಣದ ದೊಡ್ಡ ಡ್ರಮ್ಮೊಂದಿತ್ತು, ಇನ್ನೂರು ಲೀಟರಿನದು. ಪೈಪು ಬಿಟ್ಟ ಕೂಡಲೇ ಖಾಲಿ ತಳಕ್ಕೆ ನೀರು ದಡದಡ ಬಡಿಯುತ್ತದೆ. ಕಾಲು ಭಾಗ ತುಂಬಿದ ಮೇಲೆ ಸದ್ದು ಗೊಳಗೊಳ ದಪ್ಪಗಾಗುತ್ತದೆ. ಮುಕ್ಕಾಲಾದ ಮೇಲೆ ಸ್ವರ ಏರುತ್ತ, ಸಣ್ಣಗಾಗುತ್ತ ಹೋಗುತ್ತದೆ, ತಂಬಿಗೆಯ ಬಾಯಿಗೆ ನೀರು ಬರುವಾಗ ಬರುವ ಹಾಗೆ. ಆ ಸಣ್ಣ ಸ್ವರ ಬಂದಾಗ ಎದ್ದು ಪೈಪನ್ನು ಮುಂದಿನ ಕೊಡಕ್ಕೆ ಹಾಕಬೇಕು. 1990ರ ಮಳೆಗಾಲದಲ್ಲಿ ಒಂದು ದಿನ ಕಣ್ಣು ಬಿಟ್ಟುಕೊಂಡು ನೋಡುತ್ತಿರಬೇಕಾಗಿಲ್ಲ, ಕಿವಿ ಸಾಕು ಎಂದು ಹೊಳೆಯಿತು. ಮರುದಿನದಿಂದ ನೋಟುಬುಕ್ಕು ತೊಡೆಯ ಮೇಲೆ ಬಂತು. ನೀರು ಜೋರಾಗಿದ್ದ ದಿನ ಒಂದು ಡ್ರಮ್ಮಿಗೆ ಒಂದು ಪ್ಯಾರಾ, ಸಣ್ಣಗಿದ್ದ ದಿನ ಒಂದು ಪುಟ. ನನ್ನ ಮೊದಲ ಸಂಕಲನ ಬಂದಾಗ ಒಬ್ಬ ವಿಮರ್ಶಕರು ಪ್ಯಾರಾಗಳ ಬಿಗಿಯನ್ನು ಮೆಚ್ಚಿ ಬರೆದಿದ್ದರು. ಅದು ಡ್ರಮ್ಮಿನ ಅಳತೆ ಎಂದು ಅವರಿಗೆ ನಾನು ಇವತ್ತಿನವರೆಗೆ ಹೇಳಿಲ್ಲ.

ನಿಮಗೆ ಡ್ರಮ್ಮು ಇರಲಿಕ್ಕಿಲ್ಲ, ಬೇರೆ ಏನಾದರೂ ಇರುತ್ತದೆ. ಭಾನುವಾರ ಇಡೀ ದಿನ ಕೂತು ಬರೆಯುತ್ತೇನೆ ಎಂದು ಮಾತ್ರ ನಂಬಿಕೊಳ್ಳಬೇಡಿ. ಈ ಊರಿನ ಭಾನುವಾರ ಬಟ್ಟೆ ಒಗೆಯುವುದಕ್ಕೆ, ಸತ್ತವರ ಮನೆಗೆ ಹೋಗಿಬರುವುದಕ್ಕೆ, ಮತ್ತು ರೈಲ್ವೆಯವರ ಮೆಗಾಬ್ಲಾಕಿಗೆ, ಅಂದರೆ ಹಳಿ ರಿಪೇರಿಗೆಂದು ಗಾಡಿ ನಿಲ್ಲಿಸುವುದಕ್ಕೆ.

ಗಾಡಿಯಲ್ಲಿ ಬರೆಯಬಹುದೇ ಎಂದು ತುಂಬ ಜನ ಕೇಳುತ್ತಾರೆ. ಡೊಂಬಿವಲಿಯಿಂದ ವಿ.ಟಿ. ಸ್ಟೇಷನ್ನಿಗೆ, ಅಂದರೆ ಈಗಿನ ಸಿಎಸ್‌ಎಂಟಿಗೆ, 48 ಕಿಲೋಮೀಟರ್. ಫೋರ್ಟಿನ ಒಂದು ಕಚೇರಿಯಲ್ಲಿ 1988ರಿಂದ 2016ರವರೆಗೆ ಗುಮಾಸ್ತೆಯಾಗಿದ್ದೆ. ಹೋಗಿಬರುವುದಕ್ಕೆ ದಿನಕ್ಕೆ ಎರಡೂವರೆ ಗಂಟೆ ಎಂದು ಹಿಡಿದು, ರಜೆ ಕಳೆದು ಲೆಕ್ಕ ಹಾಕಿದರೆ ಎರಡು ವರ್ಷಕ್ಕೂ ಮಿಕ್ಕಿ ಹಗಲೂ ರಾತ್ರಿ ಗಾಡಿಯೊಳಗೇ ಇದ್ದ ಹಾಗಾಯಿತು. ಅಷ್ಟರಲ್ಲಿ ಅಲ್ಲಿ ಕೂತು ಬರೆದದ್ದು ಎಲ್ಲ ಸೇರಿ ಹದಿನೈದು ಪುಟ ಇರಬಹುದು. ಕೈ ಆಡಿಸಲು ಜಾಗವಿದ್ದರೆ ತಾನೆ? ಸಂಜೆ ವಿ.ಟಿ.ಯಲ್ಲಿ ಗಾಡಿ ಪ್ಲಾಟ್‌ಫಾರ್ಮಿಗೆ ನುಗ್ಗುವಾಗಲೇ ಹಾರಿ ಹತ್ತಿದರೆ ಸೀಟು. ಇಲ್ಲದಿದ್ದರೆ ಮೂರು ಜನರ ಬೆಂಚಿನ ತುದಿಗೆ ನಾಲ್ಕನೆಯವಳಾಗಿ ಒಂದು ತೊಡೆ ಊರಿ ಕೂರುವುದು. ಗಾಡಿಯಲ್ಲಿ ಬರೆಯುವುದು ಆಗದ ಮಾತು. ಕೇಳುವುದು ಆಗುತ್ತದೆ.

ಗಾಡಿಯ ಲೇಡೀಸ್ ಡಬ್ಬಿಯನ್ನು, ಅಂದರೆ ಹೆಂಗಸರ ಬೋಗಿಯನ್ನು, ನೀವು ಇನ್ನೂ ನೋಡಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂಜೆಯ ಗಾಡಿಯಲ್ಲಿ ಹೆಂಗಸರು ಮೆಂತ್ಯದ ಸೊಪ್ಪು ಬಿಡಿಸುತ್ತಾರೆ, ಬಟಾಣಿ ಸುಲಿಯುತ್ತಾರೆ. ಮನೆ ಮುಟ್ಟಿದ ಮೇಲೆ ಒಗ್ಗರಣೆ ಹಾಕುವುದೊಂದೇ ಬಾಕಿ. ಕಿವಿಯೋಲೆ, ಹೇರ್‌ಕ್ಲಿಪ್ ಮಾರುವ ಹುಡುಗಿಯರು ಇರುವೆಯ ಹಾಗೆ ಸಂದಿಯಲ್ಲಿ ನುಸುಳುತ್ತಾರೆ. ಸಂಕ್ರಾಂತಿಗೆ ಎಳ್ಳುಂಡೆ, ಅರಿಶಿನ-ಕುಂಕುಮ ಅಲ್ಲೇ ಆಗುತ್ತದೆ. ದಸರೆಗೆ ಡಬ್ಬಿಗೇ ಚೆಂಡುಹೂವಿನ ಮಾಲೆ ಕಟ್ಟಿ ಪೂಜೆ ಮಾಡುತ್ತೇವೆ, ಊರಲ್ಲಿ ಗಾಡಿ-ಗುದ್ದಲಿಗೆ ಮಾಡಿದ ಹಾಗೆ. ಇಡೀ ಗಾಡಿಯೇ ಹೆಂಗಸರದಾದ ‘ಲೇಡೀಸ್ ಸ್ಪೆಷಲ್’ 1992ರ ಮೇ ತಿಂಗಳಲ್ಲಿ ಪಶ್ಚಿಮ ಲೈನಿನಲ್ಲಿ ಶುರುವಾದಾಗ ಸೆಂಟ್ರಲಿನ ನಮಗೆಲ್ಲ ಹೊಟ್ಟೆಕಿಚ್ಚಾಗಿತ್ತು.

ಅಲ್ಲಿ ನಾನು ಕಲಿತ ಮೊದಲ ಮರಾಠಿ ವಾಕ್ಯ, ‘ಕುಠೇ ಉತರಣಾರ್?’ ಕೂತವರನ್ನು ನಿಂತವರು ಕೇಳುವ ಪ್ರಶ್ನೆ. ಅವಳು ‘ದಾದರ್’ ಎಂದರೆ ದಾದರಿನಿಂದ ಆಚೆ ಆ ಸೀಟು ನಿಮ್ಮದು. ಆದರೆ ಅದಕ್ಕೂ ಮೊದಲು ಇನ್ನೊಂದು ಕೇಳಬೇಕು: ಬೇರೆ ಯಾರಿಗಾದರೂ ಕೊಟ್ಟಿದ್ದೀಯಾ? ಕೊಟ್ಟಿದ್ದರೆ ಪಕ್ಕದವಳನ್ನು ಹಿಡಿಯಬೇಕು. ಸೀಟು ಕೊಟ್ಟ ಮಾತಿಗೆ ತಪ್ಪಿದವಳನ್ನು ಡಬ್ಬಿಯವರು ಒಂದು ವಾರ ಮಾತಾಡಿಸುವುದಿಲ್ಲ.

ಈ ಒಂದು ವಾಕ್ಯವೇ ನನ್ನನ್ನು ಮೂರು ವರ್ಷ ಕಟ್ಟಿಹಾಕಿದ್ದು ಎಂದರೆ ನಂಬುತ್ತೀರಾ? ಅರ್ಧಕ್ಕೆ ನಿಂತಿತ್ತೆಂದೆನಲ್ಲ, ಆ ಕತೆಯಲ್ಲಿ ಒಬ್ಬಳು ಇನ್ನೊಬ್ಬಳಿಗೆ ಇದನ್ನು ಕೇಳಬೇಕಿತ್ತು. ‘ನೀವು ಎಲ್ಲಿ ಇಳಿಯುವವರಿದ್ದೀರಿ?’ ಎಂದು ಬರೆದೆ. ಓದಿದರೆ ಧಾರವಾಡದ ಮೇಷ್ಟ್ರು ಸಭೆಗೆ ಬಂದ ಹಾಗಿತ್ತು. ಮರಾಠಿಯನ್ನೇ ಕನ್ನಡ ಅಕ್ಷರದಲ್ಲಿ ಬರೆದೆ. ಒಂದು ಸಲಕ್ಕೆ ಚೆನ್ನ, ಎರಡು ಪುಟ ಹಾಗೇ ನಡೆದರೆ ಹೊನ್ನಾವರದ ಓದುಗಾರ್ತಿ ಪುಸ್ತಕ ಮುಚ್ಚುತ್ತಾಳೆ. ಹಿಂದಿ-ಮರಾಠಿ ಸಾಲಿನ ಮುಂದೆ ಕನ್ನಡ ಅರ್ಥ ಕೊಟ್ಟೆ. ಅದು ಕತೆಯೋ, ಮೂವತ್ತು ದಿನದಲ್ಲಿ ಭಾಷೆ ಕಲಿಸುವ ಪುಸ್ತಕವೋ ಎಂಬಂತಾಯಿತು. ಕತೆಯನ್ನು ಹಿಂದಿರುಗಿಸಿದ ಸಂಪಾದಕರು ‘ಊರು ಚೆನ್ನಾಗಿದೆ, ಬಾಯಿಗಳು ಯಾರದೋ’ ಎಂದು ಕಾರ್ಡು ಬರೆದಿದ್ದರು. ಆಗ ಸಿಟ್ಟು ಬಂದಿತ್ತು.

ಒಂದು ದಿನ ಊರಿಂದ ಬಂದಿದ್ದ ನನ್ನ ಅತ್ತೆಯನ್ನು ಗಾಡಿಯಲ್ಲಿ ಕರೆದೊಯ್ಯುತ್ತಿದ್ದೆ. ಅವರಿಗೆ ಮರಾಠಿಯ ಗಂಧಗಾಳಿ ಇಲ್ಲ. ಎರಡು ಸ್ಟೇಷನ್ ನಿಂತು ನೋಡಿದರು. ಆಮೇಲೆ ಕೂತವಳೊಬ್ಬಳ ಹೆಗಲು ಮುಟ್ಟಿ, ಗದ್ದವನ್ನು ತುಸು ಮೇಲಕ್ಕೆ ಮಾಡಿ, ‘ಎಲ್ಲಿ ಇಳೂದು?’ ಎಂದರು. ಅವಳು ‘ಕುರ್ಲಾ’ ಎಂದಳು. ಮುಗಿಯಿತು ವ್ಯವಹಾರ. ನನ್ನ ಕತೆಗೆ ಬೇಕಾದ ಕನ್ನಡ ಅದಾಗಿತ್ತು, ಆ ಗದ್ದದ ಸಮೇತ. ‘ಕುಠೇ ಉತರಣಾರ್’ ಎನ್ನುವಲ್ಲಿ ನೀನೂ ಇಲ್ಲ ನೀವೂ ಇಲ್ಲ, ‘ಎಲ್ಲಿ ಇಳೂದು’ ಎನ್ನುವಲ್ಲೂ ಇಲ್ಲ. ಅಪರಿಚಿತರ ನಡುವಿನ ಆ ಅವಸರದ ಸಲಿಗೆ ಎರಡರಲ್ಲೂ ಒಂದೇ. ನಾನು ಮೂರು ವರ್ಷ ಹುಡುಕಿದ್ದು ಪುಸ್ತಕದ ಕನ್ನಡದಲ್ಲಿ. ಅದು ಅತ್ತೆಯ ಬಾಯಲ್ಲಿತ್ತು.

ಅಲ್ಲಿಂದ ನಾನು ಒಂದು ರೂಢಿ ಮಾಡಿಕೊಂಡೆ. ಯಾರದ್ದಾದರೂ ಮಾತು ಇಷ್ಟವಾದರೆ ಮರಾಠಿಯಲ್ಲೋ ಹಿಂದಿಯಲ್ಲೋ ಹಾಗೆಯೇ ಬರೆದುಕೊಳ್ಳುತ್ತೇನೆ. ರಾತ್ರಿ ಅದನ್ನು ನಮ್ಮೂರಲ್ಲಿ ಯಾರು ಆಡುತ್ತಿದ್ದರು ಎಂದು ಯೋಚಿಸುತ್ತೇನೆ. ಮೀನು ಮಾರುವ ಇಲ್ಲಿಯ ಕೋಳಿ ಜಾತಿಯ ಹೆಂಗಸಿನ ಬೈಗುಳ ನಮ್ಮ ಮೀನುಗಾರ ಗಾಬಿತರ ಕೇರಿಯವಳ ಬಾಯಲ್ಲಿ ಹೇಗಾದೀತು, ಟಿಕೆಟ್ ಕಿಟಕಿಯ ಗುಮಾಸ್ತನ ಗೊಣಗಾಟ ನಮ್ಮ ಪೋಸ್ಟ್ ಮಾಸ್ತರರ ಬಾಯಲ್ಲಿ ಹೇಗಾದೀತು. ಹಾಗೆಂದು ಅವಳನ್ನು ಕುಮಟೆಯವಳಾಗಿಸಬಾರದು. ಅದಕ್ಕೆ ಒಂದೋ ಎರಡೋ ಪದ ಇಲ್ಲಿಯದೇ ಉಳಿಸುತ್ತೇನೆ. ಖೋಲಿ, ಚಾಳ, ಕಿರಾಣಿ, ಗಡಿಬಿಡಿ ನಮ್ಮ ಉತ್ತರ ಕನ್ನಡದವರಿಗೆ ಹೊಸ ಪದವಂತೂ ಅಲ್ಲ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಯ ಆಡಳಿತಕ್ಕೇ ಸೇರಿತ್ತಲ್ಲ. ಧಾರವಾಡದ ಕಡೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟೆ ಬಂದರಿನಿಂದ ಹಡಗು ಹತ್ತಿ ಇಲ್ಲಿಗೆ ಬರುತ್ತಿತ್ತು. ‘ಕುಮಟಾ ಹತ್ತಿ’ ಎಂದು ಇಲ್ಲಿಯ ಪೇಟೆಯಲ್ಲಿ ಹೆಸರಿತ್ತು. ಹತ್ತಿಯ ಹಿಂದೆ ಮಾತೂ ಹೋಗಿ ಬಂದಿದೆ. ಹನೇಹಳ್ಳಿಯ ಯಶವಂತ ಚಿತ್ತಾಲರು ಪ್ಲಾಸ್ಟಿಕ್ ಉದ್ದಿಮೆಯಲ್ಲಿ, ಗೋಕರ್ಣದ ಜಯಂತ ಕಾಯ್ಕಿಣಿಯವರು ಔಷಧ ಕಂಪನಿಯಲ್ಲಿ ದುಡಿಯುತ್ತ ಇದೇ ಊರಲ್ಲಿ ಕೂತು ಕನ್ನಡ ಬರೆದರು. ಇಬ್ಬರೂ ನಮ್ಮ ಜಿಲ್ಲೆಯವರೇ ಆಗಿರುವುದು ನನಗಂತೂ ಕಾಕತಾಳೀಯ ಅನ್ನಿಸುವುದಿಲ್ಲ.

‘ಕನ್ನಡವೇ ಕಿವಿಗೆ ಬೀಳದ ಊರು’ ಎಂದಿದ್ದೀರಿ. ನಾನೂ ಹದಿನೆಂಟು ವರ್ಷ ಹಾಗೇ ಹೇಳಿಕೊಂಡು ತಿರುಗಿದೆ. 2005ರ ಜುಲೈ 26ರವರೆಗೆ.

ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ನೀವು ಮಲೆನಾಡಿನವರು, ಮಳೆಗೆ ಹೆದರುವವರಲ್ಲ. ಆದರೆ ಅಲ್ಲಿ ನೀರಿಗೆ ಹೋಗಲು ದಾರಿ ಇರುತ್ತದೆ. ಇಲ್ಲಿ ಮೀಠಿ ನದಿಯ ಬದಿಯ ಜವುಗನ್ನು ತುಂಬಿಸಿ ನಾವು ಕಟ್ಟಡ ಕಟ್ಟಿದ್ದೆವು. ನಿಮ್ಮ ಬಿಕೆಸಿ ನಿಂತಿರುವುದೂ ಆ ನದಿಯ ಮಗ್ಗುಲಲ್ಲೇ. ಮಧ್ಯಾಹ್ನ ಎರಡೂವರೆಗೆ ಕಚೇರಿ ಬಿಟ್ಟು ಹತ್ತಿದ ಗಾಡಿ ಸಾಯನ್ ದಾಟಿ ಕುರ್ಲಾ ಮುಟ್ಟುವ ಮೊದಲೇ ನಿಂತಿತು. ಹಳಿ ಕಾಣದಾಯಿತು. ಆರರ ಹೊತ್ತಿಗೆ ಫ್ಯಾನು, ದೀಪ ಎಲ್ಲ ಹೋದವು. ಧೈರ್ಯವಿದ್ದವರು ಇಳಿದು ಸೊಂಟದ ನೀರಲ್ಲಿ ನಡೆದರು. ಡಬ್ಬಿಯಲ್ಲಿ ಉಳಿದವರು ನಾವು ಇಪ್ಪತ್ತೈದು-ಮೂವತ್ತು ಜನ. ಹಳಿಯ ಬದಿಯ ಜೋಪಡಿಗಳ ಹುಡುಗರು ಎದೆಮಟ್ಟದ ನೀರಲ್ಲಿ ಬಂದು ಕಿಟಕಿಯಿಂದ ಬಿಸ್ಕಿಟ್ ಪೊಟ್ಟಣ ಕೊಟ್ಟರು. ದುಡ್ಡು ಕೊಡಹೋದರೆ ಬೈದರು.

ಹನ್ನೊಂದು ಗಂಟೆಯಾಗಿರಬೇಕು. ಕತ್ತಲೆಯಲ್ಲಿ, ಬಾಗಿಲ ಬಳಿಯ ನೆಲದಿಂದ ಒಂದು ದನಿ: ‘ಯವ್ವಾ, ನೀರು ಏರಾಕತ್ತೈತಿ. ಹುಡುಗ್ರು ಜೋಪಡ್ಯಾಗ ಅದಾವ.’

ಸೆರಗನ್ನು ತಲೆಯ ಮೇಲೆ ಹೊದ್ದು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂರುವ ಅಂಥ ಹೆಂಗಸರನ್ನು ನಾನು ದಿನಾ ದಾಟಿಕೊಂಡು ಒಳಗೆ ಹೋಗುತ್ತಿದ್ದೆ. ಗೋಣಿಚೀಲ, ಬುಟ್ಟಿ, ಸಿಮೆಂಟಿನ ಧೂಳು. ಅವರು ಏನು ಮಾತಾಡುತ್ತಾರೆ ಎಂದು ಒಂದು ದಿನವೂ ಕಿವಿ ಕೊಟ್ಟಿರಲಿಲ್ಲ. ಹಗಲು ಕಣ್ಣು ಅವರನ್ನು ನೋಡಿ ಮುಂದೆ ಹೋಗಿಬಿಡುತ್ತಿತ್ತು. ಆ ರಾತ್ರಿ ಕಣ್ಣಿಗೆ ಕೆಲಸವಿರಲಿಲ್ಲ. ‘ಎಲ್ಲಿಯವರವ್ವಾ ನೀವು?’ ಎಂದೆ. ತುಸು ಹೊತ್ತು ಸದ್ದಿಲ್ಲ. ಆಮೇಲೆ ‘ನೀವು ನಮ್ಮೋರಾ?’ ಎಂದಿತು ಆ ದನಿ. ವಿಜಾಪುರ ಜಿಲ್ಲೆಯ ಇಂಡಿ ಕಡೆಯವರು. ಅತ್ತಿಗೆ-ನಾದಿನಿ. ಭಾಂಡುಪಿನಲ್ಲಿ ಕಟ್ಟಡದ ಕೆಲಸ. ಆಸ್ಪತ್ರೆಯಲ್ಲಿದ್ದ ನೆಂಟರನ್ನು ನೋಡಿಕೊಂಡು ಬರುತ್ತಿದ್ದರು. ಒಂಬತ್ತು ವರ್ಷದಿಂದ ಅದೇ ಲೈನಿನಲ್ಲಿ ಓಡಾಡುತ್ತಿದ್ದರಂತೆ.

ಬೆಳಕು ಹರಿದ ಮೇಲೆ ನೀರು ಇಳಿದಿತ್ತು. ಹಳಿಯ ಮೇಲೆ ಘಾಟ್ಕೋಪರದ ಕಡೆಗೆ ನಡೆಯತೊಡಗಿದೆವು. ಅವರಿಬ್ಬರೂ ನನಗಿಂತ ಎರಡರಷ್ಟು ವೇಗವಾಗಿ ನಡೆದು ಮುಂದೆ ಹೋದರು. ಆ ಮಕ್ಕಳು ಏನಾದರೋ ನನಗೆ ಗೊತ್ತಿಲ್ಲ. ಅವರ ಕತೆ ಬರೆಯಲು ನಾಲ್ಕು ಸಲ ಕೂತಿದ್ದೇನೆ. ಇಂಡಿಯ ಕನ್ನಡ ನನ್ನ ಬಾಯಿಯದಲ್ಲ. ಬರೆದದ್ದೆಲ್ಲ ನಾಟಕದ ಕಂಪನಿಯ ಮಾತಿನಂತೆ ಕೇಳಿಸಿ ಹರಿದು ಹಾಕಿದೆ. ನಿಮಗೆ ಆದೀತೇನೋ.

ಆದ್ದರಿಂದ ಕಟ್ಟಡಗಳ ಬುಡದಲ್ಲಿ ಕಿವಿ ಇಡಿ. ಬಿಕೆಸಿಯಲ್ಲಿ ಕಟ್ಟಡಕ್ಕೆ ಬರವಿಲ್ಲ. ಕಲಬುರಗಿ, ವಿಜಾಪುರದ ಕಡೆಯಿಂದ ಬಂದು ದುಡಿಯುವವರು ಈ ಊರಲ್ಲಿ ಎಲ್ಲ ಕಡೆ ಇದ್ದಾರೆ. ಮುಂಬಯಿ ಕನ್ನಡಿಗರೆಂದರೆ ಉಡುಪಿ ಹೋಟೆಲಿನವರು ಎಂದು ನಾವು ಬರೆಯುವವರೇ ರೂಢಿ ಮಾಡಿಬಿಟ್ಟಿದ್ದೇವೆ. ಹೋಟೆಲಿನವರದ್ದೂ ಸಣ್ಣ ಕತೆಯಲ್ಲ. ಹಗಲು ಕಪ್ಪು-ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಹತ್ತನೆಯ ಪರೀಕ್ಷೆ ಕಟ್ಟಿದ ಹುಡುಗರು ಮುಂದೆ ಬ್ಯಾಂಕು, ವಕೀಲಿ ಎಂದು ಬೆಳೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅವರ ಮನೆಮಾತು ಬಹುಪಾಲು ತುಳು, ಕೊಂಕಣಿ. ಕನ್ನಡ ಅವರಿಗೆ ಓದುವ ಬರೆಯುವ ಭಾಷೆ. ಇಂಡಿಯವಳಿಗೆ ಅದು ಮಕ್ಕಳನ್ನು ನೆನೆದು ಹೆದರುವ ಭಾಷೆ.

ಸಭೆ, ಸಂಘಗಳನ್ನು ಮರೆತೆ. ಮಾಟುಂಗಾದಲ್ಲಿ 1926ರಿಂದ ಮೈಸೂರು ಅಸೋಸಿಯೇಷನ್ ಇದೆ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಗೃಹವೂ ಆ ಆಸುಪಾಸಿನಲ್ಲೇ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಲ್ಲಿ ಶುರುವಾದದ್ದು, ಕಲೀನಾದ ವಿದ್ಯಾನಗರಿಯಲ್ಲಿದೆ, ನಿಮ್ಮ ಕಚೇರಿಗೆ ಹತ್ತಿರ. ಪುಸ್ತಕಕ್ಕಾಗಿ ಹೋಗಿ, ಜನರಿಗಾಗಿ ಹೋಗಿ. ಭಾಷಣದ ಕನ್ನಡ ಹೆಚ್ಚು ಕೇಳಬೇಡಿ, ಕತೆಗೆ ಅಂಟಿಕೊಂಡರೆ ತೊಳೆದರೂ ಹೋಗುವುದಿಲ್ಲ. ಕಿಂಗ್ಸ್ ಸರ್ಕಲಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುತ್ತಾರೆ. ನೋಡಿ ಕಾಲು ಸೋತ ಮೇಲೆ ಮಾಟುಂಗಾ ಸ್ಟೇಷನ್ನಿನ ಎದುರು 1942ರಿಂದ ಇರುವ ರಾಮನಾಯಕರ ಉಡುಪಿ ಬೋರ್ಡಿಂಗಿನಲ್ಲಿ ಬಾಳೆಲೆ ಊಟ ಮಾಡಬಹುದು. ಊರಿನ ನೆನಪು ಕಾಡಿದಾಗ ನನಗೆ ಕವಿತೆಗಿಂತ ಆ ಸಾರು ಹೆಚ್ಚು ಕೆಲಸ ಮಾಡಿದೆ.

ಊರಿನ ನೆನಪು ಅಂದೆನಲ್ಲ, ಅಲ್ಲೊಂದು ಹೊಂಡವಿದೆ. ಮುಂಬಯಿಗೆ ಬಂದವರು ಮೊದಲ ಕೆಲವು ವರ್ಷ ಬರೀ ಊರಿನ ಬಗ್ಗೆ ಬರೆಯುತ್ತಾರೆ. ನಾನೂ ಬರೆದೆ. ನಾವು ಬಿಟ್ಟ ವರ್ಷದಲ್ಲೇ ಊರು ನಿಂತುಬಿಟ್ಟಿದೆ ಎಂದು ತಿಳಿದಿರುತ್ತೇವೆ. ನನ್ನ ಕತೆಗಳಲ್ಲಿ 1998ರವರೆಗೂ ಜನ ಕಂದೀಲು ಹಿಡಿದುಕೊಂಡೇ ತಿರುಗುತ್ತಿದ್ದರು. ಆ ವರ್ಷ ಕೊಂಕಣ ರೈಲು ಪೂರ್ತಿಯಾಗಿ, ಮತ್ಸ್ಯಗಂಧಾ ಶುರುವಾಗಿ, ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿದವಳು ಬೆಳಗಿನ ಜಾವ ಕುಮಟೆಯಲ್ಲಿ ಇಳಿದೆ. ಮನೆಯಲ್ಲಿ ತಮ್ಮನ ಮಗಳು ಟೀವಿಯಲ್ಲಿ ನಾನು ಡೊಂಬಿವಲಿಯಲ್ಲಿ ನೋಡುತ್ತಿದ್ದ ಹಿಂದಿ ಧಾರಾವಾಹಿಯನ್ನೇ ನೋಡುತ್ತಿದ್ದಳು. ನನ್ನ ಕತೆ ಓದಿ, ‘ಅತ್ತೆ, ಇದು ಯಾವ ಊರು?’ ಎಂದು ಕೇಳಿದಳು. ನಿಮ್ಮ ಜಗುಲಿಯನ್ನು ತನ್ನಿ, ಆದರೆ ವರ್ಷಕ್ಕೊಮ್ಮೆ ಹೋಗಿ ಅದಕ್ಕೆ ಟೈಲ್ಸ್ ಹಾಕಿದ್ದಾರೋ ನೋಡಿಕೊಂಡು ಬನ್ನಿ.

ಮರಾಠಿ ಕಲಿಯಲೇಬೇಕೆ ಎಂದಿರಿ. ಕಲಿಯಿರಿ. ಬ್ಯಾಂಕಿನಲ್ಲಿ ಕೆಲಸಕ್ಕೆ ಬೇಕೆಂದು ಯಾರಾದರೂ ಹೇಳಿಯೇ ಇರುತ್ತಾರೆ. ನಾನು ಹೇಳುವುದು ಬೇರೆ ಸ್ವಾರ್ಥಕ್ಕೆ: ಅರ್ಥವಾಗದ ಮಾತನ್ನು ಕದ್ದು ಕೇಳಲು ಬರುವುದಿಲ್ಲ. ಆರು ತಿಂಗಳು ತಪ್ಪು ತಪ್ಪಾಗಿ ಆಡಿ. ಡಬ್ಬಿಯ ಹೆಂಗಸರು ನಗುತ್ತಾರೆ, ಅವರೇ ತಿದ್ದುತ್ತಾರೆ, ತಿದ್ದುವ ನೆಪದಲ್ಲಿ ಗಂಡನ ಕುಡಿತದಿಂದ ಹಿಡಿದು ಮಗಳ ಮದುವೆಯವರೆಗೆ ಎಲ್ಲ ಹೇಳಿಬಿಡುತ್ತಾರೆ.

ಕೊನೆಗೆ ನೀವು ಕೇಳದ ಒಂದು ವಿಷಯ. 1996ರಲ್ಲಿ ಅರವತ್ತು ಪುಟದ ಒಂದು ನೀಳ್ಗತೆಯ ಕೈಬರಹವನ್ನು ಜೆರಾಕ್ಸ್ ಮಾಡಿಸಲೆಂದು ಬಟ್ಟೆಯ ಚೀಲದಲ್ಲಿ ಒಯ್ಯುತ್ತಿದ್ದೆ. ಚೀಲವನ್ನು ತಲೆಯ ಮೇಲಿನ ರ‍್ಯಾಕಿನಲ್ಲಿಟ್ಟೆ. ವಿ.ಟಿ.ಯಲ್ಲಿ ಇಳಿಯುವ ನೂಕಿನಲ್ಲಿ ಟಿಫಿನ್ ಡಬ್ಬಿ ನೆನಪಾಯಿತು, ಚೀಲ ಆಗಲಿಲ್ಲ. ಅದೇ ಗಾಡಿ ಹತ್ತು ನಿಮಿಷದಲ್ಲಿ ಟಿಟವಾಳಾಕ್ಕೆ ಹೊರಟುಹೋಯಿತು. ಕಳೆದ ಸಾಮಾನಿನ ಕಿಟಕಿಗೆ ಎರಡು ವಾರ ಅಲೆದೆ. ಛತ್ರಿಗಳ ಗುಡ್ಡೆ ಇತ್ತು, ನನ್ನ ಚೀಲ ಇರಲಿಲ್ಲ. ನೆನಪಿನಿಂದ ಮತ್ತೆ ಬರೆದೆ, ಇಪ್ಪತ್ತೆರಡು ಪುಟವಾಯಿತು, ಅಚ್ಚಾಯಿತು. ಕಳೆದದ್ದೇ ಒಳ್ಳೆಯದಾಯಿತು, ಬಿಗಿಯಾಯಿತು ಎಂದು ಸ್ನೇಹಿತರು ಹೇಳುತ್ತಾರೆ. ಆಗಲಿಲ್ಲ. ಆ ಅರವತ್ತರಲ್ಲಿ ಮೂವತ್ತನೆಯ ಪುಟದ ಹತ್ತಿರ ಒಬ್ಬಳು ಬಾವಿಗೆ ಇಣುಕುವ ಒಂದು ಸಾಲಿತ್ತು, ಅದು ಮತ್ತೆ ಸಿಕ್ಕಿಲ್ಲ. ನೀವು ಫೋನಿನಲ್ಲಿ ಬರೆಯುವವರಾದರೆ ಆ ಭಯವಿಲ್ಲ. ಕಾಗದದಲ್ಲಿ ಬರೆಯುವವರಾದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ನಿಲ್ಲಿ. ಜೂನಿನಲ್ಲಿ ಬರುತ್ತಿದ್ದೀರಿ, ಮಳೆ ಹಿಡಿದಿರುತ್ತದೆ.